ನೋಡಿದ್ದು ಕೈಗೆ ಬರಬೇಕು
(ಸಂಘದ ಸಭೆಯಲ್ಲಿ ಆರೋಗ್ಯದ ವಿಡಿಯೋ ನೋಡುವ ಬಗ್ಗೆ)



ಈಗ ನಮ್ಮ ಬಹಳಷ್ಟು ಸಂಘಗಳಲ್ಲಿ ಒಬ್ಬರ ಹತ್ತಿರವಾದರೂ ವಿಡಿಯೋ ನೋಡುವಂಥ ಮೊಬೈಲ್ ಇದೆ. ಅದರಲ್ಲಿ ಆರೋಗ್ಯದ ಸಣ್ಣ ಸಣ್ಣ ವಿಡಿಯೋಗಳು ದಿನಾ ಬರುತ್ತವೆ. ರಕ್ತ ಹೇಗೆ ಹರಿಯುತ್ತದೆ, ಮೆದುಳು ಹೇಗೆ ಕೆಲಸ ಮಾಡುತ್ತದೆ, ಹೊಟ್ಟೆಯಲ್ಲಿ ಕೂಸು ಹೇಗೆ ಬೆಳೆಯುತ್ತದೆ ಎಂಬುದನ್ನು ಎರಡು ಮೂರು ನಿಮಿಷದಲ್ಲಿ ಚಿತ್ರ ಸಮೇತ ತೋರಿಸುತ್ತವೆ. ಓದಲು ಬಾರದ ತಾಯಂದಿರಿಗೂ ತಿಳಿಯುತ್ತದೆ. ಇದೊಂದು ಒಳ್ಳೆಯ ಸಾಧನ. ಆದರೆ ಇದನ್ನು ಬಳಸುವುದರಲ್ಲಿ ನಾನೇ ಒಮ್ಮೆ ತಪ್ಪಿದೆ. ಆ ತಪ್ಪಿನಿಂದ ಕಲಿತದ್ದನ್ನು ಈ ಸಲ ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಒಂದು ಮನೆಯಲ್ಲಿ ನಡೆದದ್ದು

ಸವದತ್ತಿ ತಾಲೂಕಿನ ಒಂದು ಸಂಘದ ಸಭೆಯಲ್ಲಿ ನಾನು ಮೂರು ವಿಡಿಯೋ ತೋರಿಸಿದೆ. ಒಂದು ಲಕ್ವಾ ಹೊಡೆಯುವುದರ ಬಗ್ಗೆ, ಒಂದು ರಕ್ತ ಕಡಿಮೆ ಆಗುವುದರ ಬಗ್ಗೆ, ಇನ್ನೊಂದು ಕೈ ತೊಳೆಯುವುದರ ಬಗ್ಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಛಲೋ ಇತ್ರಿ ಸಿಸ್ಟರ್" ಅಂದರು. ಆಮೇಲೆ ಉಳಿತಾಯ, ಸಾಲದ ಕಂತು, ಸಹಿ. ಠರಾವು ಪುಸ್ತಕದಲ್ಲಿ "ಆರೋಗ್ಯ ಶಿಕ್ಷಣ ನೀಡಲಾಯಿತು" ಎಂದು ಬರೆದು ಸಭೆ ಮುಗಿಸಿದೆವು.

ಎರಡು ತಿಂಗಳೂ ಆಗಿರಲಿಲ್ಲ. ಅದೇ ಸಂಘದ ಒಬ್ಬ ಸದಸ್ಯೆಯ ಅತ್ತೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕುಳಿತಿದ್ದರು. ಇದ್ದಕ್ಕಿದ್ದಂತೆ ಬಲಗೈ ನಿಂತುಹೋಯಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಾತು ತೊದಲಿತು. ಮನೆಯವರಿಗೆ ವಾಟ್ಸಾಪಿನಲ್ಲಿ ಬಂದಿದ್ದ ಒಂದು ವಿಡಿಯೋ ನೆನಪಾಯಿತು: ಸೂಜಿ ಕಾಯಿಸಿ ಹತ್ತೂ ಬೆರಳಿನ ತುದಿಗೆ ಚುಚ್ಚಿ ರಕ್ತ ತೆಗೆದರೆ ಲಕ್ವಾ ಇಳಿಯುತ್ತದೆ ಎಂಬುದು. ಚುಚ್ಚಿದರು. ಇಳಿಯಲಿಲ್ಲ. ಕಿವಿಗೂ ಚುಚ್ಚಿದರು. ಆಮೇಲೆ ಗಿಡಮೂಲಿಕೆ ಔಷಧಿಗೆ ಪಕ್ಕದ ಊರಿಗೆ ಒಯ್ದರು. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಮರುದಿನ ಮಧ್ಯಾಹ್ನ. ಜೀವ ಉಳಿಯಿತು. ಕೈ ಮತ್ತು ಮಾತು ಮರಳಲಿಲ್ಲ.

ನಾನು ಮನೆಗೆ ಹೋದಾಗ ಆ ಸೊಸೆ ಅತ್ತೆಯ ಬಾಯಿ ಒರೆಸುತ್ತಾ ಕೇಳಿದ್ದು ಇಷ್ಟೇ: "ಸಿಸ್ಟರ್, ನೀವು ತೋರಿಸಿದ್ದು ನನಗ ನೆನಪs ಆಗಲಿಲ್ರಿ. ಸೂಜಿದು ಮಾತ್ರ ಥಟ್ ಅಂತ ನೆನಪಾತು. ಯಾಕ ಹಂಗಾತು?"

ಈ ಪ್ರಶ್ನೆಗೆ ಉತ್ತರ ಹುಡುಕುವುದು ನನ್ನ ಕರ್ತವ್ಯವಾಯಿತು. ಅದಕ್ಕೂ ಮೊದಲು ಆ ದಿನ ಅಜ್ಜಿಯ ಮೆದುಳಿನಲ್ಲಿ ನಡೆದದ್ದು ಏನೆಂದು ತಿಳಿಯೋಣ.

ಲಕ್ವಾ ಹೊಡೆಯುವುದು ಮೆದುಳಿಗೆ

ನಮ್ಮ ಮೆದುಳಿನ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ. ದೇಹದ ತೂಕದಲ್ಲಿ ನೂರರಲ್ಲಿ ಎರಡು ಪಾಲು. ಆದರೆ ನಾವು ಉಸಿರಿನಲ್ಲಿ ತೆಗೆದುಕೊಳ್ಳುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಇದೊಂದಕ್ಕೇ ಬೇಕು. ಅದನ್ನು ಒಯ್ಯುವುದು ರಕ್ತ. ಮೆದುಳು ತನ್ನಲ್ಲಿ ಏನೂ ಕೂಡಿಟ್ಟುಕೊಳ್ಳುವುದಿಲ್ಲ. ದಿನಗೂಲಿಯವರ ಮನೆಯಂತೆ, ಬಂದದ್ದು ಆಗಲೇ ಖರ್ಚು. ರಕ್ತ ನಿಂತರೆ ಕೆಲವೇ ನಿಮಿಷದಲ್ಲಿ ಆ ಭಾಗ ಸಾಯತೊಡಗುತ್ತದೆ.

ಹೊಲಕ್ಕೆ ನೀರು ಹಾಯಿಸುವ ಕಾಲುವೆಯನ್ನು ನೆನಪಿಸಿಕೊಳ್ಳಿ. ಕಾಲುವೆಗೆ ಕಸ ಸಿಕ್ಕಿಕೊಂಡರೆ ಮುಂದಿನ ಹೊಲ ಒಣಗುತ್ತದೆ. ಕಾಲುವೆ ಒಡೆದರೆ ನೀರು ನುಗ್ಗಿ ಬೆಳೆ ಹಾಳಾಗುತ್ತದೆ. ಲಕ್ವಾದಲ್ಲಿಯೂ ಈ ಎರಡು ಬಗೆ. ಹೆಚ್ಚಿನ ಜನರಿಗೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಉಳಿದವರಿಗೆ ರಕ್ತನಾಳ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಾವುದೆಂದು ತಿಳಿಯಲು ತಲೆಯ ಸ್ಕ್ಯಾನ್ ಆಗಲೇಬೇಕು.

ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ, ಬಲಭಾಗ ಎಡವನ್ನು. ಹೆಚ್ಚಿನವರಿಗೆ ಮಾತಿನ ಜಾಗವೂ ಎಡಭಾಗದಲ್ಲೇ ಇದೆ. ಅದಕ್ಕೇ ಆ ಅಜ್ಜಿಗೆ ಬಲಗೈ ಮತ್ತು ಮಾತು ಎರಡೂ ಕೂಡಿಯೇ ಹೋದವು. ತೊಂದರೆ ಕೈಯಲ್ಲಿ ಇರಲೇ ಇಲ್ಲ, ಮೆದುಳಿನಲ್ಲಿತ್ತು. ಹೀಗಿರುವಾಗ ಬೆರಳಿಗೆ ಚುಚ್ಚಿದರೆ ಮೆದುಳಿನ ಹೆಪ್ಪು ಕರಗುವುದು ಹೇಗೆ?

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ದೊಡ್ಡ ನಾಳ ಮುಚ್ಚಿದಾಗ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ಮೆದುಳಿನ ಜೀವಕೋಶಗಳು ಸಾಯುತ್ತವೆ ಎಂದು ವೈದ್ಯರ ಅಂದಾಜು. ನಮ್ಮ ಕಡೆಯ ದಾರಿಯನ್ನೂ ಲೆಕ್ಕ ಹಾಕಿ. ಕಿತ್ತೂರಿನವರಿಗೆ ಧಾರವಾಡ, ಬೆಳಗಾವಿ ಹೆದ್ದಾರಿಯ ಮೇಲೇ ಇವೆ. ಬೈಲಹೊಂಗಲದವರಿಗೆ ಬೆಳಗಾವಿ, ಸವದತ್ತಿಯವರಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿಯೂ ದೂರ, ಹುಬ್ಬಳ್ಳಿಯೂ ದೂರ. ದಾರಿಗೇ ಎರಡು ತಾಸು ಹಿಡಿದರೆ, ಸ್ಕ್ಯಾನಿಗೆ ಇನ್ನಷ್ಟು ಹೊತ್ತು ಬೇಕಾದರೆ, ಮನೆಯಲ್ಲಿ ಕಳೆಯಲು ನಮ್ಮ ಹತ್ತಿರ ಏನು ಉಳಿಯಿತು?

ನಾಲ್ಕು ಮಾತು ನೆನಪಿಡಿ

ಮುಖ: ನಗಲು ಹೇಳಿ. ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ?
ಕೈ: ಎರಡೂ ಕೈ ಮುಂದೆ ಎತ್ತಿ ಹಿಡಿಯಲು ಹೇಳಿ. ಒಂದು ಕೈ ಕೆಳಗೆ ಜಾರುತ್ತದೆಯೇ?
ಮಾತು: ತನ್ನ ಹೆಸರು, ಊರು ಹೇಳಲು ಹೇಳಿ. ತೊದಲುತ್ತದೆಯೇ?
ಹೊತ್ತು: ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡಿ 108ಕ್ಕೆ ಫೋನ್ ಮಾಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಡಾಕ್ಟರಿಗೆ ತಿಳಿಸಿ. ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎಂಬುದಕ್ಕೆ ಆ ಹೊತ್ತು ಬಹಳ ಮುಖ್ಯ.

ನೀರು, ಚಹಾ, ಗುಳಿಗೆ ಏನೂ ಕೊಡಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ರಕ್ತ ತೆಳು ಮಾಡುವ ಗುಳಿಗೆಯನ್ನೂ ಮನೆಯಲ್ಲಿ ಕೊಡಬಾರದು. ನಾಳ ಒಡೆದಿದ್ದರೆ ಅದರಿಂದ ಕೇಡೇ ಹೆಚ್ಚು. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ "ಹೋತು ಬಿಡ್ರಿ" ಎಂದು ಸುಮ್ಮನಿರಬೇಡಿ. ದೊಡ್ಡ ಲಕ್ವಾ ಬರುವ ಮುಂಚಿನ ಎಚ್ಚರಿಕೆ ಅದು.

ಹಾಗಾದರೆ ನೆನಪಾಗಲಿಲ್ಲ ಯಾಕೆ?

ಈ ನಾಲ್ಕೂ ಮಾತು ನಾನು ತೋರಿಸಿದ ವಿಡಿಯೋದಲ್ಲಿ ಇದ್ದವು. ಆದರೂ ಬೇಕಾದಾಗ ಬರಲಿಲ್ಲ. ತಪ್ಪು ಆ ಸೊಸೆಯದಲ್ಲ, ತೋರಿಸಿದ ರೀತಿಯದು.

ಮೆದುಳು ಕಂಡದ್ದನ್ನೆಲ್ಲ ಕೂಡಿಡುವ ಪೆಟ್ಟಿಗೆಯಲ್ಲ. ಹೊಸ ವಿಷಯವನ್ನು ಮೊದಲು ಸ್ವಲ್ಪ ಹೊತ್ತು ಮಾತ್ರ ಹಿಡಿದುಕೊಳ್ಳುತ್ತದೆ. ಆ ಹಿಡಿತ ಸಣ್ಣದು, ನಾಲ್ಕೈದು ಸಂಗತಿ ಹಿಡಿದರೆ ಹೆಚ್ಚು. ಅದು ಗಟ್ಟಿಯಾಗುವ ಮೊದಲೇ ಎರಡನೆಯದು, ಮೂರನೆಯದು ಬಂದರೆ ಮೊದಲಿನದು ಜಾರಿಹೋಗುತ್ತದೆ. ನಾನು ಒಂದರ ಹಿಂದೆ ಒಂದು ಮೂರು ತೋರಿಸಿದ್ದೆ. ಬೆರಳಿನಿಂದ ಸರಿಸುತ್ತಾ ಸರಿಸುತ್ತಾ ನೋಡುವ ವಿಡಿಯೋಗಳ ಗತಿಯೂ ಇದೇ. ನೋಡುವಾಗ ಎಲ್ಲ ತಿಳಿದಂತೆ ಅನಿಸುತ್ತದೆ, ಮರುದಿನ ಕೇಳಿದರೆ ಹೇಳಲು ಬರುವುದಿಲ್ಲ.

ಗಟ್ಟಿಯಾಗಬೇಕಾದರೆ ಮೂರು ಬೇಕು. ನೋಡಿದ್ದನ್ನು ನಮ್ಮ ಬಾಯಿಂದ ತಿರುಗಿ ಹೇಳಬೇಕು. ಕೈಯಿಂದ ಮಾಡಬೇಕು. ಕೆಲವು ದಿನ ಬಿಟ್ಟು ಮತ್ತೆ ನೆನಪಿಸಿಕೊಳ್ಳಬೇಕು. ನಮಗೆ ಇದು ಹೊಸದೇನಲ್ಲ. ಕಸೂತಿಯನ್ನು ಯಾರಾದರೂ ನೋಡಿ ಮಾತ್ರ ಕಲಿತಿದ್ದಾರೆಯೇ? ಸೂಜಿ ಕೈಯಲ್ಲಿ ಹಿಡಿದು, ತಪ್ಪು ಹಾಕಿ, ಬಿಚ್ಚಿ, ಮತ್ತೆ ಹಾಕಿದಾಗಲೇ ಬಂತು. ಬೀಸುವ ಹಾಡುಗಳು ನಮ್ಮ ಅಜ್ಜಿಯರಿಗೆ ನೂರಾರು ಬರುತ್ತಿದ್ದದ್ದೂ ದಿನಾ ಕೈ ತಿರುಗಿಸುತ್ತಾ ಹಾಡಿದ್ದರಿಂದಲೇ.

ಆ ಸುಳ್ಳು ವಿಡಿಯೋ ಯಾಕೆ ನೆನಪಾಯಿತು ಎಂಬುದೂ ಈಗ ತಿಳಿಯುತ್ತದೆ. ಅದು ಮೂರು ನಾಲ್ಕು ಕಡೆಯಿಂದ ಮತ್ತೆ ಮತ್ತೆ ಬಂದಿತ್ತು. ಹೆದರಿಕೆ ಹುಟ್ಟಿಸಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕೈಗೆ ಒಂದು ಕೆಲಸ ಕೊಟ್ಟಿತ್ತು. ಗಾಬರಿಯಲ್ಲಿ ಕೈ ಕೆಲಸ ಹುಡುಕುತ್ತದೆ. ನನ್ನ ವಿಡಿಯೋ ಕಣ್ಣಿಗೆ, ಕಿವಿಗೆ ಮಾತ್ರ ಕೊಟ್ಟಿತ್ತು, ಕೈಗೆ ಏನೂ ಕೊಟ್ಟಿರಲಿಲ್ಲ.

ಕೂಡಿ ನೋಡುವುದು ಹೊಸದಲ್ಲ

ಹಳ್ಳಿಯ ಜನ ಒಟ್ಟಿಗೆ ಕುಳಿತು ಚಿತ್ರ ನೋಡಿ ಕಲಿಯುವ ಪ್ರಯೋಗ ನಮ್ಮ ನೆರೆಯಲ್ಲೇ ಬಹಳ ಹಿಂದೆ ನಡೆದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆ ಅಮೆರಿಕದ ಒಂದು ಉಪಗ್ರಹದ ಸಹಾಯದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿತು. ಇದನ್ನು ಸೈಟ್ ಎಂದು ಕರೆದರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಈ ಭಾಗ್ಯ ಸಿಕ್ಕಿತು. ರಾಮದುರ್ಗದ ನೆರೆಯ ಬಾದಾಮಿ, ಮುಧೋಳ ತಾಲೂಕುಗಳು ಆಗ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಊರಿಗೆ ಒಂದೇ ಟಿ.ವಿ., ಅದೂ ಎಲ್ಲರೂ ಸೇರುವ ಜಾಗದಲ್ಲಿ. ಆರೋಗ್ಯ, ಕುಟುಂಬ ಕಲ್ಯಾಣ, ಒಕ್ಕಲುತನದ ವಿಷಯ ಕನ್ನಡದಲ್ಲೇ ಬರುತ್ತಿತ್ತು.

ಟಿ.ವಿ.ಗೆ ಒಂದು ಕೊರತೆ ಇತ್ತು. ಅದನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಎಂಬ ಕಾರ್ಯಕ್ರಮ ಈ ಕೊರತೆಯನ್ನು ತುಂಬಿತು. ನಮ್ಮ ರಾಜ್ಯದ ಹಳ್ಳಿಗಳಲ್ಲೇ ಮೊದಲು ಪರೀಕ್ಷೆ ಮಾಡಿದರು. ವಿಡಿಯೋದಲ್ಲಿ ಅಲ್ಲಿನ ರೈತರೇ ಇದ್ದರು. ತೋರಿಸುವವರು ನಡುನಡುವೆ ನಿಲ್ಲಿಸಿ "ನಿಮ್ಮ ಹೊಲದಾಗ ಹೆಂಗ?" ಎಂದು ಕೇಳುತ್ತಿದ್ದರು. 16 ಹಳ್ಳಿಗಳಲ್ಲಿ ನೋಡಿದಾಗ, ಬರೀ ಬಾಯಿಮಾತಿನ ತರಬೇತಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಜನ ಕೆಲವು ಹೊಸ ಬೇಸಾಯ ಕ್ರಮಗಳನ್ನು ಅನುಸರಿಸಿದ್ದರು.

ಇದೇ ರೀತಿಯನ್ನು ಒಡಿಶಾದ ಕಿಯೋಂಝರ್ ಜಿಲ್ಲೆಯಲ್ಲಿ ಮಹಿಳಾ ಗುಂಪುಗಳ ಜೊತೆ ಆಹಾರ, ಕೃಷಿ ವಿಷಯಕ್ಕೆ ಬಳಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಕ್ಕಳ ತಟ್ಟೆಯಲ್ಲಿ ಬಗೆಬಗೆಯ ಆಹಾರ ಹೆಚ್ಚಿತು. ಆದರೆ ಸೊರಗಿದ ಮಕ್ಕಳ ಸಂಖ್ಯೆ ಅಷ್ಟರಿಂದಲೇ ಇಳಿಯಲಿಲ್ಲ. ಇದನ್ನೂ ನಾವು ಒಪ್ಪಬೇಕು. ವಿಡಿಯೋ ದಾರಿ ತೋರಿಸುತ್ತದೆ, ಅದೊಂದೇ ಎಲ್ಲ ಮಾಡುವುದಿಲ್ಲ.

ಆಸ್ಪತ್ರೆಯಲ್ಲೂ ಈ ಪದ್ಧತಿ ಬಂದಿದೆ. ನೂರಾ ಹೆಲ್ತ್ ಎಂಬ ಸಂಸ್ಥೆ ಕರ್ನಾಟಕದ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರಿಗೆ ವಿಡಿಯೋ ತೋರಿಸಿ, ನರ್ಸ್ ಮುಂದೆಯೇ ಕೈಯಿಂದ ಮಾಡಿಸಿ ಕಲಿಸುತ್ತದೆ. ಎಲ್ಲ ಕಡೆಯ ಪಾಠ ಒಂದೇ: ನೋಡು, ನಿಲ್ಲಿಸು, ಮಾತಾಡು, ಮಾಡಿ ನೋಡು.

ಸಂಘದಲ್ಲಿ ಹೀಗೆ ಮಾಡಿ

ಒಂದು ಸಭೆಗೆ ಒಂದೇ ವಿಡಿಯೋ, ಅರ್ಧ ತಾಸು ಸಾಕು. ಫಿಟ್ಸ್, ಅಂದರೆ ಮೂರ್ಛೆ ರೋಗದ ಉದಾಹರಣೆ ತೆಗೆದುಕೊಳ್ಳೋಣ.

1. ತೋರಿಸುವ ಮೊದಲು ಕೇಳಿ: "ಫಿಟ್ಸ್ ಬಂದ್ರ ನಿಮ್ಮ ಮನ್ಯಾಗ ಏನ್ ಮಾಡ್ತೀರಿ?" ಕೈಗೆ ಬೀಗದ ಕೈ ಕೊಡುತ್ತೇವೆ, ಉಳ್ಳಾಗಡ್ಡಿ ಮೂಸಿಸುತ್ತೇವೆ, ಚಪ್ಪಲಿ ಮೂಸಿಸುತ್ತೇವೆ ಎನ್ನುತ್ತಾರೆ. ನಗಬೇಡಿ, ಬೈಯಬೇಡಿ. ಎಲ್ಲರೂ ಹೇಳಲಿ.

2. ವಿಡಿಯೋ ಹಚ್ಚಿ. ಮೊಬೈಲ್ ಸಣ್ಣದಿದ್ದರೆ ಐದಾರು ಜನರಂತೆ ಗುಂಪು ಮಾಡಿ. ದನಿ ಕೇಳದಿದ್ದರೆ ಮೊಬೈಲನ್ನು ಖಾಲಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ, ದನಿ ದೊಡ್ಡದಾಗುತ್ತದೆ.

3. ನಡುವೆ ಎರಡು ಕಡೆ ನಿಲ್ಲಿಸಿ. ಮೆದುಳಿನಲ್ಲಿ ಸಣ್ಣ ವಿದ್ಯುತ್ ಸಂಕೇತಗಳು ಓಡಾಡುತ್ತವೆ, ಅವು ಒಮ್ಮೆಲೇ ಎರ್ರಾಬಿರ್ರಿ ಆದಾಗ ಫಿಟ್ಸ್ ಬರುತ್ತದೆ ಎಂದು ತೋರಿಸಿದಾಗ ಕೇಳಿ: "ಹಂಗಾದ್ರ ಇದು ದೆವ್ವದ ಕಾಟ ಅನ್ನೂದು ಖರೆ ಏನ್ರಿ?" ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ನಾವು ಬೀಗದ ಕೈ ಕೊಟ್ಟಿರುತ್ತೇವೆ, ಹೆಸರು ಬೀಗದ ಕೈಗೆ ಬರುತ್ತದೆ.

4. ಮಾಡಿ ತೋರಿಸಿ. ಒಬ್ಬರು ಚಾಪೆಯ ಮೇಲೆ ಮಲಗಲಿ. ಒಬ್ಬರು ಸುತ್ತಲಿನ ಸಾಮಾನು ಸರಿಸಲಿ. ಒಬ್ಬರು ತಲೆಯ ಕೆಳಗೆ ಬಟ್ಟೆ ಮಡಚಿ ಇಡಲಿ, ಒಂದು ಮಗ್ಗುಲಿಗೆ ತಿರುಗಿಸಲಿ. ಒಬ್ಬರು ಗಡಿಯಾರ ನೋಡಲಿ. ಬಾಯಲ್ಲಿ ಏನೂ ಇಡಬಾರದು, ಅದುಮಿ ಹಿಡಿಯಬಾರದು, ಪೂರ್ತಿ ಎಚ್ಚರ ಬರುವವರೆಗೆ ನೀರು ಕೊಡಬಾರದು. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಬಸುರಿಗೆ ಬಂದರೆ, ಮೊದಲ ಸಲವಾದರೆ ಕೂಡಲೇ 108.

5. ಮುಂದಿನ ಸಭೆಯಲ್ಲಿ, ವಿಡಿಯೋ ಹಚ್ಚದೆ, ಹೋದ ಸಲದ್ದನ್ನು ಇಬ್ಬರು ಹೇಳಲಿ. ಈ ಐದು ನಿಮಿಷವೇ ಎಲ್ಲಕ್ಕಿಂತ ಮುಖ್ಯ. ಒಂದು ತಿಂಗಳ ನಂತರ ಮತ್ತೊಮ್ಮೆ.

ಫಿಟ್ಸ್ ವಿಷಯ ಬಂದಾಗ ಲಾಡಿಹುಳುವಿನ ಜೀವನಚಕ್ರ ತೋರಿಸುವ ವಿಡಿಯೋವನ್ನೂ ಇನ್ನೊಂದು ಸಭೆಗೆ ಇಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಫಿಟ್ಸ್ ಬರಲು ಹಂದಿಯ ಲಾಡಿಹುಳುವೂ ಒಂದು ಕಾರಣ. "ನಾವು ಮಾಂಸಾನs ತಿನ್ನೂದಿಲ್ಲ, ನಮಗೇನು?" ಎನ್ನುತ್ತಾರೆ. ಹುಳು ಇರುವ ಮನುಷ್ಯ ಬಯಲಲ್ಲಿ ಕುಳಿತರೆ ಮೊಟ್ಟೆಗಳು ಮಣ್ಣಿಗೆ, ಮಣ್ಣಿನಿಂದ ಕಾಯಿಪಲ್ಲೆಗೆ ಬರುತ್ತವೆ. ಅವನ ತೊಳೆಯದ ಕೈಯಿಂದಲೂ ಬರುತ್ತವೆ. ಅವು ಹೊಟ್ಟೆಗೆ ಹೋದರೆ ಮರಿಗಳು ರಕ್ತದ ಮೂಲಕ ಮೆದುಳು ಸೇರಿ ಗಂಟಾಗುತ್ತವೆ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಿಕಿ, ಮೂಲಂಗಿ ತಿನ್ನುವವರು ನಾವು. ತಿನ್ನುವುದು ಬಿಡಬೇಕಿಲ್ಲ. ಶುದ್ಧ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ, ಸಾಬೂನಿನಿಂದ ಕೈ ತೊಳೆಯಿರಿ, ಶೌಚಾಲಯ ಬಳಸಿ.

ಯಾವ ವಿಡಿಯೋ ನಂಬಬೇಕು?

ಯಾರಿಗೇ ಕಳಿಸುವ ಮೊದಲು ಐದು ಪ್ರಶ್ನೆ ಕೇಳಿ:

• ಮಾಡಿದವರು ಯಾರು? ಆಸ್ಪತ್ರೆ, ಸಂಸ್ಥೆಯ ಹೆಸರು ಇದೆಯೇ?
• ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರೆಯೇ?
• ಡಾಕ್ಟರ್ ಕೊಟ್ಟ ಬಿ.ಪಿ., ಸಕ್ಕರೆ, ಫಿಟ್ಸ್ ಗುಳಿಗೆ ಬಿಡಿ ಎನ್ನುತ್ತದೆಯೇ?
• ಒಂದೇ ಮದ್ದಿಗೆ ಎಲ್ಲ ರೋಗ ಹೋಗುತ್ತದೆ ಎನ್ನುತ್ತದೆಯೇ?
• ಹೆದರಿಸಿ, "ಕೂಡಲೇ ಹತ್ತು ಜನರಿಗೆ ಕಳಿಸಿ" ಎನ್ನುತ್ತದೆಯೇ?

ಮೊದಲನೆಯದಕ್ಕೆ "ಇಲ್ಲ", ಉಳಿದವುಗಳಲ್ಲಿ ಒಂದಕ್ಕಾದರೂ "ಹೌದು" ಎಂದಾದರೆ ಅಲ್ಲೇ ನಿಲ್ಲಿಸಿ. ಬಿಳಿ ಕೋಟು ಕಂಡ ಮಾತ್ರಕ್ಕೆ ನಂಬಬೇಡಿ. ಹೆಸರಾಂತ ಡಾಕ್ಟರರ ಮುಖ, ದನಿಯನ್ನೇ ಕಂಪ್ಯೂಟರಿನಿಂದ ಸೃಷ್ಟಿಸಿ ಔಷಧಿ ಮಾರುವ ಕಳ್ಳ ವಿಡಿಯೋಗಳು ಈಗ ಬರುತ್ತಿವೆ. ಸಂಶಯ ಬಂದರೆ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿ. ರಾಜ್ಯ ಆರೋಗ್ಯ ಇಲಾಖೆ, ಬೆಂಗಳೂರಿನ ನಿಮ್ಹಾನ್ಸ್, ಯುನಿಸೆಫ್ ಇವರ ವಿಡಿಯೋಗಳಿಂದ ಶುರು ಮಾಡಬಹುದು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಎದೆಹಾಲು ಕುಡಿಸುವುದು, ಮಕ್ಕಳ ಆಹಾರ ಮುಂತಾದ ವಿಷಯಗಳು ಕನ್ನಡದಲ್ಲೂ ಇವೆ. ನಿಮ್ಹಾನ್ಸ್ ಜೊತೆ ಸೇರಿ ನಮ್ಮ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನೂ ಶುರು ಮಾಡಿದೆ. ತಲೆನೋವು, ಫಿಟ್ಸ್, ಲಕ್ವಾ, ಮರೆವಿನ ಕಾಯಿಲೆ ಅದರಲ್ಲಿ ಸೇರಿವೆ.

ಮುಂದಿನ ಸಭೆಯ ಕೆಲಸ

ಪ್ರತಿ ಸಂಘವೂ ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡಲಿ ಎಂದು ನನ್ನ ವಿನಂತಿ.

ಒಂದು, ಲಕ್ವಾಕ್ಕೆ ಸ್ಕ್ಯಾನ್ ಮತ್ತು ಇಂಜೆಕ್ಷನ್ ಹಗಲು ರಾತ್ರಿ ಸಿಗುವ, ನಿಮಗೆ ಹತ್ತಿರದ ಆಸ್ಪತ್ರೆ ಯಾವುದೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ ಠರಾವು ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ರಾತ್ರಿ ಗಾಡಿ ಕೊಡುವವರ ಫೋನ್ ನಂಬರನ್ನೂ ಬರೆಯಿರಿ.

ಎರಡು, 30 ವರ್ಷ ದಾಟಿದ ಎಲ್ಲ ಸದಸ್ಯೆಯರೂ ಬಿ.ಪಿ. ನೋಡಿಸಿಕೊಳ್ಳಿ. ಲಕ್ವಾಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಅದು ಏರಿದರೂ ನೋವಿಲ್ಲ, ಸುದ್ದಿಯಿಲ್ಲ. ಗುಳಿಗೆ ಕೊಟ್ಟರೆ ತಪ್ಪದೆ ತೆಗೆದುಕೊಳ್ಳಿ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಅದರಲ್ಲೇ ಲೆಕ್ಕ. ಎಲಿ-ಅಡಿಕಿ ಜೋಡಿ ತಂಬಾಕು, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವುದು, ಇವನ್ನು ಬಿಡಿ.

ಮೂರು, ಮುಖ, ಕೈ, ಮಾತು, ಹೊತ್ತು. ಈ ನಾಲ್ಕನ್ನೂ ಎಲ್ಲರೂ ಎದ್ದು ನಿಂತು ಮಾಡಿ. ಮನೆಗೆ ಹೋಗಿ ಮಕ್ಕಳ ಕೈಯಿಂದಲೂ ಮಾಡಿಸಿ. ತೊಂದರೆ ಬಂದಾಗ ಮನೆಯಲ್ಲಿ ಇರುವವರು ಅವರೇ ಆಗಿರಬಹುದು.

ಆ ಅಜ್ಜಿ ಈಗ ಎಡಗೈಯಿಂದ ಶೇಂಗಾ ಸುಲಿಯುತ್ತಾರೆ. ಮಾತು ಇನ್ನೂ ಬಂದಿಲ್ಲ. ಸೊಸೆ ಮಾತ್ರ ಪಕ್ಕದ ಸಂಘಗಳಿಗೂ ಹೋಗಿ, ಮೊಬೈಲ್ ಪಕ್ಕಕ್ಕಿಟ್ಟು, ಎರಡೂ ಕೈ ಮುಂದೆ ಚಾಚಿ ನಿಂತು ಹೇಳುತ್ತಾಳೆ: "ನೋಡಿದ್ದು ಸಾಕ್ರಿ ಅಕ್ಕಾರ, ಈಗ ಎದ್ದು ಮಾಡ್ರಿ."